ಮೂಡಲಕ್ಕೆ ಮುಖ ಮಾಡಿ ನಿಂತ ಕಾಫಿ ಗಾಡಿ

ನಮ್ಮಲ್ಲಿ ವಾಹನ ಓಡುವುದು ರಸ್ತೆಯ ಎಡಕ್ಕೆ. ಆದ್ದರಿಂದ ದೋಸೆ ಮಾರುವ ಗಾಡಿಯಿರಲಿ, ಕಾಫಿ ಮಾರುವ ಗಾಡಿಯಿರಲಿ, ಅದರ ಕಿಟಕಿ ಎಡಗಡೆ, ಫುಟ್‌ಪಾತಿನ ಕಡೆಗೆ ತೆರೆಯುತ್ತದೆ. ಬಲಗಡೆ ಕೊರೆದರೆ ಗಿರಾಕಿ ರಸ್ತೆಯ ಮೇಲೇ ನಿಂತು, ಬರುವ ಬಸ್ಸಿಗೆ ಬೆನ್ನು ಕೊಟ್ಟು ಕಾಫಿ ಕುಡಿಯಬೇಕಾಗುತ್ತದೆ. ಇದು ಯಾರೂ ಪಾಠ ಹೇಳಿ ಕಲಿಸಬೇಕಾದ ವಿದ್ಯೆಯಲ್ಲ.

ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರದಲ್ಲಿ ಧನಲಕ್ಷ್ಮಿಯವರು ಕಟ್ಟಿಸಿದ ಗಾಡಿಗೆ ಕಿಟಕಿ ಇದ್ದದ್ದು ಬಲಗಡೆ. ನೋಡಿದವರು ನಕ್ಕರು. "ಫಾರಿನ್ನಿಂದ ತರ್ಸಿದ್ರಾ ಮೇಡಂ?" ಎಂದು ಕೇಳಿದವರೂ ಉಂಟು. ಹೆಂಗಸು ಗಾಡಿ ಕಟ್ಟಿಸಲು ಹೋದರೆ ಹೀಗೇ ಆಗೋದು ಎಂದು ಮೀಸೆಯಡಿ ನಕ್ಕ ಮಹನೀಯರನ್ನೂ ನಾನು ಬಲ್ಲೆ. ಅವರಿಗೆಲ್ಲ ಒಂದು ಮಾತು ಹೇಳಬೇಕು. ಆ ಕಿಟಕಿಯನ್ನು ಧನಲಕ್ಷ್ಮಿ ದಡ್ಡತನದಿಂದ ಅಲ್ಲಿಡಿಸಲಿಲ್ಲ. ಒಡಹುಟ್ಟಿದ ಅಣ್ಣ ಮಾತು ಕೊಟ್ಟಿದ್ದರು, ಆ ಮಾತಿನ ಮೇಲೆ ತಗಡು ಕೊಯ್ಯಿಸಿದರು.

ಧನಲಕ್ಷ್ಮಿ ಹುಟ್ಟಿದ್ದು ಸಿಂಗಾಪುರ ಇನ್ನೂ ಹಳ್ಳಿಯಾಗಿದ್ದಾಗ. ಮದುವೆಯಾಗಿ ಹೋದದ್ದು ಅದೇ ಊರಿನ ಇನ್ನೊಂದು ಬೀದಿಗೆ. ಗಂಡ ವೇಣುಗೋಪಾಲ್ ಸ್ಕೂಲ್ ವ್ಯಾನ್ ಡ್ರೈವರ್. ಒಬ್ಬಳೇ ಮಗಳು ಮೋನಿಷಾ, ಡಿಗ್ರಿ ಓದುತ್ತಿದ್ದಾಳೆ. ಧನಲಕ್ಷ್ಮಿಯವರ ಕಸುಬು ಛತ್ರದ ಕಾಫಿ. ಯಲಹಂಕ, ಹೆಬ್ಬಾಳ, ವಿದ್ಯಾರಣ್ಯಪುರದ ಕಲ್ಯಾಣ ಮಂಟಪಗಳಲ್ಲಿ ಮದುವೆ ಎಂದರೆ ಅಡುಗೆಯವರು ಬೇರೆ, ಕಾಫಿಯವರು ಬೇರೆ. ಪಲ್ಯ ಸಪ್ಪೆ, ಸಾರು ನೀರು ಎಂದು ಬೈದುಕೊಂಡ ಬೀಗರೂ ಇವರ ಕಾಫಿ ಕುಡಿದು ತಣ್ಣಗಾಗಿದ್ದಾರೆ. ಆದರೆ ಅದು ಇವರಿಗೆ ಗೊತ್ತಾಗುತ್ತಿರಲಿಲ್ಲ. ಛತ್ರದಲ್ಲಿ ಕಾಫಿಯ ಒಲೆ ಇರುವುದು ಹಿತ್ತಲಲ್ಲಿ, ಪಾತ್ರೆ ತೊಳೆಯುವ ನಲ್ಲಿಯ ಪಕ್ಕ. ಹುಡುಗರು ಬಂದು ಟ್ರೇ ತುಂಬಿಸಿಕೊಂಡು ಹೋಗುತ್ತಾರೆ, ಖಾಲಿ ಲೋಟ ತಂದು ಸುರಿಯುತ್ತಾರೆ.

"ಇಷ್ಟ್ ವರ್ಷ ಕಾಫಿ ಮಾಡಿದೀನಿ, ಒಬ್ರು ಕುಡಿಯೋದನ್ನ ನೋಡಿಲ್ಲ ಕಣ್ರೀ" ಎನ್ನುತ್ತಿದ್ದರು ಅವರು. "ಮೊದಲ್ನೇ ಗುಟುಕು ಒಳಗೆ ಹೋದಾಗ ಮನುಷ್ಯನ ಮುಖ ಹೆಂಗಾಗುತ್ತೆ ಅಂತ ನೋಡ್ಬೇಕು. ನಂಗೆ ಒಂದು ಕಿಟಕಿ ಬೇಕು ಅಷ್ಟೇ."

ಆ ಕಿಟಕಿ ಸಿಗುವ ಕಾಲ ಬಂದದ್ದು ವೇಣುಗೋಪಾಲ್ ಅವರ ಮಂಡಿಯಿಂದ. ಮಂಡಿ ನೋವು ಹೆಚ್ಚಾಗಿ ದಿನವಿಡೀ ಕ್ಲಚ್ ತುಳಿಯಲು ಆಗದೆ ಕೆಲಸ ಬಿಡುವ ಹೊತ್ತಿಗೆ ಸ್ಕೂಲಿನವರು ಹಳೇ ವ್ಯಾನ್ ಮಾರುತ್ತಿದ್ದರು. ತಾವೇ ಓಡಿಸುತ್ತಿದ್ದ ಹಳದಿ ವ್ಯಾನನ್ನು ಗಂಡ ಹೆಂಡತಿ ಕೊಂಡುಕೊಂಡರು. ಛತ್ರದ ಹಿತ್ತಲಲ್ಲಿ ದುಡಿದದ್ದೆಲ್ಲ ಅದಕ್ಕೇ ಹೋಯಿತು, ಲೆಕ್ಕ ಇಲ್ಲಿ ಬೇಡ.

ಯಶವಂತಪುರದ ಲಾರಿ ಶೆಡ್ಡುಗಳ ಸಾಲಿನಲ್ಲಿ ಜೀಷಾನ್ ಎಂಬ ಬಾಡಿ ಕಟ್ಟುವ ಮೇಸ್ತ್ರಿ ಇದ್ದಾರೆ. ವ್ಯಾನ್ ಅವರ ಶೆಡ್ಡಿಗೆ ಹೋಯಿತು. ಸೀಟು ಕಿತ್ತರು. ಸೀಟಿನಡಿಯಿಂದ ಪೆನ್ಸಿಲ್ ತುಂಡು, ಟಿಫನ್ ಡಬ್ಬಿಯ ಮುಚ್ಚಳ, ಚಾಕೊಲೇಟಿನ ಕಾಗದ ರಾಶಿ ಬಿತ್ತು. ಚಾಪೆ ಎತ್ತಿದರೆ ನೆಲದ ತಗಡು ತುಕ್ಕು ಹಿಡಿದು ಹಪ್ಪಳವಾಗಿತ್ತು. ಅದನ್ನು ಕತ್ತರಿಸಿ ತೆಗೆದು, ಹೊಸ ಅಡ್ಡಪಟ್ಟಿ ಬೆಸೆದು, ಮೇಲೆ ಜಾರದಂಥ ಉಬ್ಬುಗೆರೆಯ ಅಲ್ಯೂಮಿನಿಯಂ ಹಾಸಿದರು. ಗೋಡೆಗೆ ಸ್ಟೀಲ್ ಹಾಳೆ. ಸಿಲಿಂಡರಿಗೆ ಹೊರಗಿನಿಂದಷ್ಟೇ ತೆರೆಯುವ, ಕೆಳಗೆ ಗಾಳಿಕಿಂಡಿಯಿರುವ ಬೇರೆಯೇ ಗೂಡು. ಒಲೆಯ ಮೇಲೆ ಹೊಗೆ ಎಳೆಯುವ ಫ್ಯಾನು. ಡಿಕಾಕ್ಷನ್ ಇಳಿಯುವ ದೊಡ್ಡ ಫಿಲ್ಟರಿಗೆ ಮಾತ್ರ ಧನಲಕ್ಷ್ಮಿ ಹಠ ಹಿಡಿದರು. ಗಾಡಿ ಅಲುಗಿದರೆ ಪುಡಿ ಕದಡುತ್ತದೆ, ಕದಡಿದರೆ ಕಹಿ ಇಳಿಯುತ್ತದೆ. ಫಿಲ್ಟರ್ ಕೂರಲು ರಬ್ಬರ್ ಪಟ್ಟಿ ಸುತ್ತಿದ ಬಳೆಯಂಥ ಚೌಕಟ್ಟನ್ನೇ ಮಾಡಿಸಿದರು. ಜೀಷಾನ್ ರೇಗಿಸಿದರು: "ಅಕ್ಕ, ಮಗೂಗೆ ತೊಟ್ಟಿಲು ಕಟ್ಟಿಸ್ದಂಗೆ ಕಟ್ಟಿಸ್ತಿದೀರಲ್ಲ." ಧನಲಕ್ಷ್ಮಿ ಬಿಡಲಿಲ್ಲ: "ಹೌದಪ್ಪ, ಅಳಬಾರ್ದು ಅದು."

ಇನ್ನು ಉಳಿದದ್ದು ಕಿಟಕಿ. ಜೀಷಾನ್ ಸೀಮೆಸುಣ್ಣ ಹಿಡಿದು ಎಡಗಡೆಯ ತಗಡಿನ ಮುಂದೆ ನಿಂತ ದಿನ ಅಣ್ಣ ಬಂದರು.

ಅಣ್ಣ ಮುನಿಯಣ್ಣ. ಸಿಂಗಾಪುರದ ಹಳೇ ಒಕ್ಕಲು ಮನೆಯ ಹಿರಿಮಗ. ಹೊಲವೆಲ್ಲ ಸೈಟಾದ ಮೇಲೆ ಸೈಟಿನ ಮೇಲೆ ಮನೆ, ಮನೆಯ ಮೇಲೆ ಮಹಡಿ ಕಟ್ಟಿ ಮೇಲೆ ಬಂದವರು. ಕೆರೆ ವಾಕಿಂಗಿಗೆ ಹೋಗುವ ರಸ್ತೆಯ ಬಡಗಣ ಬದಿಯಲ್ಲಿ ಅವರದೊಂದು ಮೂಲೆ ಸೈಟು ಖಾಲಿ ಬಿದ್ದಿತ್ತು. ತಂಗಿಯ ಗಾಡಿಯ ಸುದ್ದಿ ಕೇಳಿದ ದಿನವೇ "ರೋಡಲ್ಲಿ ಯಾಕ್ ನಿಲ್ತೀಯಾ, ನಮ್ ಮೂಲೆ ಸೈಟಿಲ್ವಾ" ಎಂದಿದ್ದರು. ಬಾಡಿಗೆಯ ಮಾತೆತ್ತಿದ್ದಕ್ಕೆ ತಂಗಿಯನ್ನು ಗದರಿಸಿದ್ದರು. ಅಷ್ಟರ ಮಟ್ಟಿಗೆ ಆ ಮನುಷ್ಯ ಒಳ್ಳೆಯವರೇ, ನಾನು ಸುಳ್ಳು ಹೇಳುವುದಿಲ್ಲ.

ಶೆಡ್ಡಿನಲ್ಲಿ ಗಾಡಿಗೆ ಒಂದು ಸುತ್ತು ಬಂದು ಮುನಿಯಣ್ಣ ಕೇಳಿದರು: "ಇದು ಯಾವ್ ದಿಕ್ಕಿಗ್ ಮಕ ಆಕ್ಕೊಂಡು ನಿಲ್ಲುತ್ತೆ ನಮ್ ಸೈಟಲ್ಲಿ?"

ಜೀಷಾನ್ ಯೋಚಿಸಿ ಹೇಳಿದರು: "ರೋಡು ತೆಂಕಲಿಗಿದೆ ಅಂದ್ರಲ್ಲ ಅಣ್ಣ. ಎಡಗಡೆ ಕಿಟಕಿ ರೋಡಿಗೆ ತೆರೀಬೇಕು ಅಂದ್ರೆ ಮೂತಿ ಪಡುವಲಕ್ಕೆ ಬರುತ್ತೆ."

"ಪಡುವಲಕ್ಕಾ? ಯಾರಾದ್ರೂ ಪಡುವಲಕ್ ಮಕ ಮಾಡಿ ಯಾಪಾರ ಸುರು ಮಾಡ್ತಾರೇನಯ್ಯಾ? ನಮ್ಮನೇಲಿ ಟ್ರ್ಯಾಕ್ಟರೂ ಅಂಗ್ ನಿಂತಿಲ್ಲ. ಮೂಡಲಕ್ಕೇ ನಿಲ್ಬೇಕು."

"ಹಂಗಾದ್ರೆ ಕಿಟಕಿ ಬಲಗಡೆ ಬರುತ್ತೆ. ನಾಳೆ ಬೇರೆ ಕಡೆ ನಿಲ್ಲಿಸ್ಬೇಕು ಅಂದ್ರೆ ಕಷ್ಟ ಆಗುತ್ತಲ್ಲ."

"ಬ್ಯಾರೆ ಕಡೆ ಯಾಕ್ ನಿಲ್ಲುತ್ತೆ? ರೋಡ್ ರೋಡ್ ಸುತ್ತೋಕೆ ನಮ್ಮನೆ ಎಣ್ಮಗಳು ಗತಿ ಇಲ್ದೋಳಾ?"

ವೇಣುಗೋಪಾಲ್ ಮೆಲ್ಲಗೆ ಬಾಯಿ ಹಾಕಿದರು: "ಭಾವ, ಒಂದ್ ವೇಳೆ ಏನಾದ್ರೂ..."

"ಒಂದ್ ವೇಳೆ ಅನ್ನೋದೇನ್ ಭಾವ? ನಾನ್ ಬದುಕಿಲ್ವಾ? ನಾನಿರೋಗಂಟ ಆ ಮೂಲೆ ಅವಳ್ದೇ."

ಹೊರಗಿನವರ ಮುಂದೆ ಅಣ್ಣ ಹೀಗೆ ಎದೆ ತಟ್ಟಿ ಮಾತನಾಡುವುದನ್ನು ಕೇಳಲು ನಮ್ಮ ಹೆಣ್ಣುಮಕ್ಕಳು ಎಷ್ಟು ಕಾದಿರುತ್ತಾರೆ ಎಂಬುದು ಗಂಡಸರಿಗೆ ತಿಳಿಯುವುದಿಲ್ಲ. ಧನಲಕ್ಷ್ಮಿ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, "ಅಣ್ಣ ಹೇಳ್ದಂಗೇ ಕೊರೀಪ್ಪ ಜೀಷಾನ್" ಎಂದರು. ಸೀಮೆಸುಣ್ಣ ಬಲಗಡೆಗೆ ಹೋಯಿತು.

ಅಲ್ಲಿಗೇ ನಿಲ್ಲಲಿಲ್ಲ. ಬೆಂಕಿ ಆಗ್ನೇಯದಲ್ಲಿರಬೇಕು ಎಂದರು ಅಣ್ಣ. ಮೂಡಲಕ್ಕೆ ಮುಖ ಮಾಡಿದ ಗಾಡಿಗೆ ಆಗ್ನೇಯ ಎಂದರೆ ಡ್ರೈವರ್ ಸೀಟಿನ ಬೆನ್ನು. ಒಲೆ ಅಲ್ಲಿ ಬಂತು. ನೀರು ಈಶಾನ್ಯಕ್ಕೆ, ಅಂದರೆ ಮುಂದಿನ ಎಡಮೂಲೆಗೆ. ಮನೆಗೆ ವಾಸ್ತು ನೋಡಿದವರಿದ್ದಾರೆ, ಮಳಿಗೆಗೆ ನೋಡಿದವರಿದ್ದಾರೆ. ಚಕ್ರವಿರುವ ಗಾಡಿಗೆ, ಅದೂ ಕಟ್ಟುವಾಗಲೇ, ವಾಸ್ತು ನೋಡಿದ್ದು ಸಿಂಗಾಪುರದಲ್ಲೇ ಮೊದಲಿರಬೇಕು. ನಾವು ನಗಬಹುದು. ಆದರೆ ಆ ಗಾಡಿ ಇನ್ನೆಲ್ಲಿಗೂ ತಿರುಗುವುದಿಲ್ಲ ಎಂದು ಅಲ್ಲಿದ್ದವರೆಲ್ಲ ನಂಬಿದ್ದರು. ನಂಬಿದ ಮೇಲೆ ಅದು ಮನೆಯೇ ಆಯಿತಲ್ಲ.

ಬಣ್ಣ ಹೊಡೆಯುವಾಗ, ಮುಂಗಾಜಿನ ಮೇಲೆ ಏನು ಬರೆಯಬೇಕು ಎಂದು ಪೇಂಟರ್ ಕೇಳಿದರು. ಕೆಲವರು ದೇವರ ಹೆಸರು ಬರೆಸುತ್ತಾರೆ, ಕೆಲವರು ತಂದೆ ತಾಯಿ ಆಶೀರ್ವಾದ ಎಂದು. ಧನಲಕ್ಷ್ಮಿ 'ಅಣ್ಣನ ಆಶೀರ್ವಾದ' ಎಂದು ಬರೆಸಿದರು, ದೊಡ್ಡ ಕೆಂಪು ಅಕ್ಷರದಲ್ಲಿ.

"ಅಮ್ಮ, ಮಾವ ಏನ್ ಕೊಟ್ರು ಅಂತ?" ಎಂದು ಮೋನಿಷಾ ಕೆಣಕಿದಳು. "ಹುಲ್ಲು ಬೆಳೀತಿದ್ದ ಮೂಲೆ ತಾನೆ."

"ಜಾಗ ಕೊಡೋದಂದ್ರೆ ಏನ್ ಗೊತ್ತೇನೇ ನಿಂಗೆ? ಸುಮ್ನಿರು."

ಪೂಜೆಯ ದಿನ ಗಾಡಿ ಮೂಡಲಕ್ಕೆ ಮುಖ ಮಾಡಿ ನಿಂತಿತು. ಹೊಸ ಮನೆಗೆ ಮಾಡುವಂತೆ, ಮನೆಮಗಳ ಕೈಯಲ್ಲಿ ಹಾಲು ಉಕ್ಕಿಸಬೇಕು ಎಂದರು ಮುನಿಯಣ್ಣ. ಧನಲಕ್ಷ್ಮಿ ಪಾತ್ರೆ ಇಟ್ಟು ಕೈಮುಗಿದು ನಿಂತರು. ಹಾಲು ಮೂಡಲ ದಿಕ್ಕಿಗೇ ಉಕ್ಕಿ ಚೆಲ್ಲಿತು. ಅಣ್ಣ ಕಣ್ಣು ಒದ್ದೆ ಮಾಡಿಕೊಂಡು, "ನೋಡ್ದಾ, ಯೋಳ್ಲಿಲ್ವಾ ನಾನು" ಎಂದರು. ಮೊದಲ ಲೋಟ ಅವರಿಗೇ. ಧನಲಕ್ಷ್ಮಿ ಕಿಟಕಿಗೆ ಮೊಣಕೈ ಊರಿ ಅವರ ಮುಖವನ್ನೇ ನೋಡಿದರು.

ಆ ಕಾಫಿ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ, ಬರೆದರೆ ಜಾಹೀರಾತಾಗುತ್ತದೆ. ಕೆರೆ ಸುತ್ತಿ ಬಂದವರು, ಮಕ್ಕಳನ್ನು ಸ್ಕೂಲ್ ಬಸ್ ಹತ್ತಿಸಲು ಬಂದವರು, ಕಂಪನಿ ಕ್ಯಾಬಿಗೆ ಕಾಯುವವರು ಎಲ್ಲ ಆ ಮೂಲೆಗೆ ತಿರುಗಿದರು. ಸ್ಟೀಲ್ ಲೋಟ, ಕೂರಲು ಎರಡು ಚಪ್ಪಡಿ ಕಲ್ಲು. ಯಾರಿಗೆ ಸಕ್ಕರೆ ಕಮ್ಮಿ, ಯಾರಿಗೆ ಡಿಕಾಕ್ಷನ್ ಮುಂದು, ಎಲ್ಲ ಅವರಿಗೆ ಮುಖ ನೋಡಿದರೆ ಗೊತ್ತು. ಹೆಸರಿಲ್ಲದ ಆ ಮೂಲೆಗೆ ಜನರೇ ಕಾಫಿ ಮೂಲೆ ಎಂದು ಹೆಸರಿಟ್ಟರು. ಆಟೊದವರು ಆ ಗುರುತು ಹೇಳಿದರೆ ಬಂದು ನಿಲ್ಲಿಸುತ್ತಿದ್ದರು.

ಒಂದು ಬೆಳಿಗ್ಗೆ ಮುನಿಯಣ್ಣ ಒಬ್ಬರನ್ನು ಕರೆತಂದರು. ನಿರಂಜನ್ ಎಂದು ಹೆಸರು, ಇಸ್ತ್ರಿ ಮಾಡಿದ ಅಂಗಿ, ಮೃದುವಾದ ಮಾತು. "ನಮ್ಮೋರು ಕಣಮ್ಮ, ಒಳ್ಳೆ ಕಾಫಿ ಕೊಡು" ಎಂದರು ಅಣ್ಣ. ನಿರಂಜನ್ ಮರುದಿನವೂ ಬಂದರು, ಅದರ ಮರುದಿನವೂ. ಅಣ್ಣ ಪಕ್ಕದ ಕಲ್ಲಿನ ಮೇಲೆ ಕಾಲು ಚಾಚಿ ಕೂತಿರುತ್ತಿದ್ದರು.

"ಜಾಸ್ತಿ ರಶ್ ಯಾವಾಗ ಮೇಡಂ?"

"ವಾಕಿಂಗ್ ಮುಗ್ಸ್ಕೊಂಡು ಬರ್ತಾರಲ್ಲ ಸಾರ್, ಆವಾಗ. ಮತ್ತೆ ಸಂಜೆ, ಆಫೀಸಿಂದ ಇಳಿಯೋ ಟೈಮಲ್ಲಿ."

"ಮಳೆ ಬಂದ್ರೆ?"

"ಬರ್ತಾರೆ. ಕೊಡೆ ಹಿಡ್ಕೊಂಡೇ ಬರ್ತಾರೆ. ಕೂತ್ಕೊಳ್ಳೋಕೆ ಮೇಲೊಂದು ಸೂರಿದ್ರೆ ಇನ್ನೂ ಬರ್ತಾರೆ."

"ಕಾಫಿ ಜೊತೆ ಏನ್ ಕೇಳ್ತಾರೆ?"

"ಬನ್ನು ಕೇಳ್ತಾರೆ ಸಾರ್. ಹುಡುಗ್ರು ಕೇಕ್ ಕೇಳ್ತಾರೆ."

ಎಲ್ಲವನ್ನೂ ಹೇಳಿದರು. ಅಣ್ಣನ ಸ್ನೇಹಿತರು, ಕಾಫಿ ಮೇಲೆ ಇಷ್ಟು ಅಕ್ಕರೆ ಇರುವವರು, ಇವರ ಹತ್ತಿರ ಮುಚ್ಚಿಡುವುದೇನು ಎಂದುಕೊಂಡರು. ಅಣ್ಣ ಎಲ್ಲ ಕೇಳುತ್ತ ಕೂತಿದ್ದರು. ಒಂದು ಸಲವಾದರೂ ಕೆಮ್ಮಬಹುದಿತ್ತು. ಸಾಕು ಬಿಡಮ್ಮ ಎನ್ನಬಹುದಿತ್ತು. ಕಾಲು ಚಾಚಿಕೊಂಡು ಕಾಫಿ ಹೀರುತ್ತಿದ್ದರು.

ನಿರಂಜನ್ ಒಂದು ಕಾಫಿ ಕಂಪನಿಯ ಕಡೆಯವರು. ಊರಿಗೊಂದು ಕೆಫೆ ತೆರೆಯಲು ಜಾಗ ಹುಡುಕುವುದು ಅವರ ಕೆಲಸ. ಇದು ಧನಲಕ್ಷ್ಮಿಗೆ ಗೊತ್ತಾದದ್ದು ಸೈಟಿನ ಸುತ್ತ ನೀಲಿ ತಗಡು ಬಂದ ದಿನ. ತಗಡು ಹೊತ್ತು ತಂದ ಕೂಲಿಯವರು, ಗಾಡಿ ತೆಗೆಯಿರಿ ಎಂದರು. ಅಣ್ಣನ ಹೆಸರು ಹೇಳಿದರೆ, ಅವರೇ ಕಳಿಸಿದ್ದು ಎಂದರು.

ಧನಲಕ್ಷ್ಮಿ ಸೀದಾ ಅಣ್ಣನ ಮನೆಗೆ ಹೋದರು. ಮುನಿಯಣ್ಣ ವರಾಂಡದಲ್ಲಿದ್ದರು.

"ಅಣ್ಣ, ಹೇಳೋದಲ್ವಾ ನಂಗೊಂದ್ ಮಾತು?"

"ಯೋಳಾಣಾಂತಿದ್ದೆ ಕಣಮ್ಮ. ಒಳ್ಳೆ ಪಾರ್ಟಿ. ನಿನ್ನಿಂದ್ಲೇ ಬಂದಿದ್ದು. ಅಲ್ಲಿ ಕಾಫಿ ಓಡುತ್ತೆ ಅಂತ ನೀನೇ ತೋರ್ಸ್ಕೊಟ್ಟೆ."

"ನಾನ್ ಎಲ್ಲಿಗೋಗ್ಲಿ?"

ಮುನಿಯಣ್ಣ ನಿಜವಾಗಿಯೂ ಆಶ್ಚರ್ಯಪಟ್ಟರು. "ಎಲ್ಲಿಗೋಗ್ಲಿ ಅಂದ್ರೆ? ಗಾಡಿಗೆ ಚಕ್ರ ಐತಲ್ಲ. ಎಲ್ಲಿ ಬೇಕಾದ್ರೂ ನಿಲ್ಲುತ್ತೆ."

ಓದುಗರೇ, ಈ ಮಾತನ್ನು ಇನ್ನೊಂದು ಸಲ ಓದಿ. ರೋಡ್ ರೋಡ್ ಸುತ್ತಲು ನಮ್ಮನೆ ಹೆಣ್ಣುಮಗಳು ಗತಿ ಇಲ್ಲದವಳಾ ಎಂದು ಶೆಡ್ಡಿನಲ್ಲಿ ಗುಡುಗಿ, ಎಡಗಡೆಗಿದ್ದ ಸೀಮೆಸುಣ್ಣವನ್ನು ಬಲಗಡೆಗೆ ಕಳಿಸಿದ ಬಾಯಿಯೇ ಇದು. ಮಾತು ಕೊಟ್ಟ ದಿನ ಅವರು ಸುಳ್ಳು ಹೇಳಿರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಅದೇ ಹೊಟ್ಟೆ ಉರಿಸುವುದು. ಸುಳ್ಳು ಹೇಳಿದವನಿಗೆ ಕೊನೆಗೆ ನೆನಪಾದರೂ ಇರುತ್ತದೆ. ಇವರು ಮರೆತೇ ಬಿಟ್ಟಿದ್ದರು. ಖಾಲಿ ಬಿದ್ದಾಗ ಆ ಮೂಲೆ ತಂಗಿಯದು, ಬೆಲೆ ಬಂದಾಗ ತನ್ನದು. ಬೆಲೆ ತಂದವಳು ಯಾರು ಎಂಬುದು ಗೊತ್ತಿದ್ದೂ, ಅದನ್ನು ಹೊಗಳಿಕೆಯಂತೆ ಅವಳಿಗೇ ಹೇಳಿ ಕಳಿಸಿದರು.

ಆಮೇಲೆ ಆ ಗಾಡಿ ಪಟ್ಟ ಪಾಡು ಇಷ್ಟೆ. ಬಾಗಲೂರು ಕಡೆ ನಿಲ್ಲಿಸಿದರೆ ಕಿಟಕಿ ಲಾರಿಗಳಿಗೆ ತೆರೆಯಿತು. ಫುಟ್‌ಪಾತಿನವರಿಗೆ ಕಂಡದ್ದು ಬರೀ ಹಳದಿ ತಗಡು. ಬಾಗಲಗುಂಟೆಯಲ್ಲಿ ಉಲ್ಟಾ ನಿಲ್ಲಿಸಿ ನೋಡಿದರು, ಕಿಟಕಿಯೇನೋ ಫುಟ್‌ಪಾತಿಗೆ ಬಂತು, ಆದರೆ ಎದುರು ಬರುವ ವಾಹನಕ್ಕೆ ಮೂತಿ ಕೊಟ್ಟು ನಿಂತಿದ್ದೀರೆಂದು ಟ್ರಾಫಿಕ್ ಪೊಲೀಸರು ಎಬ್ಬಿಸಿದರು. ಒನ್‌ವೇ ರಸ್ತೆಯಾದರೆ ಬಲಬದಿಗೆ ನಿಲ್ಲಬಹುದು ಎಂದು ವೇಣುಗೋಪಾಲ್ ಆರ್‌ಟಿ ನಗರದ ಒನ್‌ವೇಗಳನ್ನೆಲ್ಲ ಸುತ್ತಿದರು. ಅಲ್ಲಿ ಮೊದಲೇ ನಿಂತ ಗಾಡಿಗಳವರು ಜಾಗ ಬಿಡಲಿಲ್ಲ. ಒಂದು ಜಾಗಕ್ಕೆಂದೇ ಹುಟ್ಟಿದ ಗಾಡಿ ಇನ್ನೆಲ್ಲೂ ಸಲ್ಲಲಿಲ್ಲ. ಧನಲಕ್ಷ್ಮಿ ಮತ್ತೆ ಛತ್ರದ ಹಿತ್ತಲಿಗೆ ಹೋಗತೊಡಗಿದರು. ಗಾಡಿ ಮನೆಯ ಮುಂದೆ ಧೂಳು ತಿನ್ನುತ್ತಿತ್ತು.

ಮತ್ತೆ ಆ ಗಿರಾಕಿಗಳು? ಧನಕ್ಕ, ಧನಕ್ಕ ಎನ್ನುತ್ತಿದ್ದವರಲ್ಲಿ ಒಬ್ಬರೂ ಮುನಿಯಣ್ಣನವರನ್ನು ಕೇಳಲಿಲ್ಲ. ಕೆಫೆ ಯಾವಾಗ ಓಪನ್ ಎಂದು ಕೇಳಿದರು.

ಓಪನ್ನಿಗೆ ಮುಂಚಿನ ವಾರ ಮುನಿಯಣ್ಣ ತಂಗಿಯ ಮನೆಗೆ ಬಂದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅರಿಶಿನ ಕುಂಕುಮ, ಹೂವು, ಬಾಳೆಹಣ್ಣು, ಒಂದು ರವಿಕೆ ಕಣ.

"ಮುನಿಸು ಮಾಡ್ಕೋಬ್ಯಾಡ ಕಣಮ್ಮ. ಕಟ್ಟಡ ನಮ್ದೇ ತಾನೆ, ಅವ್ರು ಬಾಡಿಗೆಗೆ ಬರೋರು. ಬಾಗಿಲು ತೆಗ್ಯೋ ದಿನ ಆಲು ಉಕ್ಕಿಸ್ಬೇಕು. ಮನೆಮಗಳು ನೀನೇ ಬರ್ಬೇಕು."

ಅವರ ಮುಖದಲ್ಲಿ ಒಂದು ಗೆರೆ ನಾಚಿಕೆ ಇರಲಿಲ್ಲವಂತೆ. ಇದನ್ನು ನನಗೆ ಹೇಳಿದ್ದು ಮೋನಿಷಾ. ಅಮ್ಮ ತಟ್ಟೆ ಎಸೆಯುತ್ತಾಳೆ ಎಂದುಕೊಂಡಿದ್ದಳು ಅವಳು. ಎಸೆದರೆ ತವರು ಮುಗಿಯಿತು. ಹೋಗಿ ಉಕ್ಕಿಸಿದರೆ ತಾನೇ ಮುಗಿದಂತೆ. ತವರು ಬೇಕು ಎನ್ನುವ ಹೆಣ್ಣುಮಕ್ಕಳನ್ನು ನಮ್ಮ ಮನೆಗಳು ನಿಲ್ಲಿಸುವ ಜಾಗವೇ ಇದು.

ಧನಲಕ್ಷ್ಮಿ ತಟ್ಟೆಗೆ ಕೈಯಿಟ್ಟು ಕುಂಕುಮ ತೆಗೆದು ಹಣೆಗಿಟ್ಟುಕೊಂಡರು. ಹೂವು ಮುಡಿದರು. ಆಮೇಲೆ ಹೇಳಿದರು:

"ಕುಂಕುಮ ಬೇಡ ಅನ್ನಲ್ಲ ಅಣ್ಣ. ಆದ್ರೆ ಹಾಲು ಆ ಜಾಗದಲ್ಲಿ ಒಂದ್ಸಲ ಉಕ್ಕಾಗಿದೆ. ನಾನೇ ಉಕ್ಸಿದ್ದು, ನೀನೇ ನಿಂತು ನೋಡ್ದೆ. ಇನ್ನೊಂದ್ಸಲ ಉಕ್ಸೋಕೆ ನನ್ ಕೈಲಿ ಆಗಲ್ಲ."

"ಅದು ಗಾಡಿ ಕಣಮ್ಮ. ಇದು ಕಟ್ಟಡ."

"ನಂಗೆ ಅದೇ ಮನೆಯಾಗಿತ್ತು."

ಮುನಿಯಣ್ಣ ಇನ್ನೇನೋ ಹೇಳಲು ಹೋದರು. ಧನಲಕ್ಷ್ಮಿ ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಕುಡಿಯುವಾಗ ಅವರ ಮುಖ ನೋಡಲಿಲ್ಲ. ಕೊನೆಗೆ ಕೆಫೆಯಲ್ಲಿ ಹಾಲು ಉಕ್ಕಿಸಿದ್ದು ಯಾರೋ, ನನಗೆ ಗೊತ್ತಿಲ್ಲ.

ಅಣ್ಣ ಬಂದುಹೋದ ಮರುದಿನವೇ ಗಾಡಿ ಯಶವಂತಪುರಕ್ಕೆ ಹೊರಟಿತು. ಜೀಷಾನ್ ಸುತ್ತ ಒಂದು ಸಲ ನೋಡಿ, ಸೀಮೆಸುಣ್ಣ ತೆಗೆದು ಎಡಗಡೆಗೆ ಹೋದರು. ಬಲಗಡೆಯ ಕಿಟಕಿಗೆ ತಗಡು ಹೊದಿಸಿ ಬೆಸೆದರು. ಬೆಸುಗೆಯ ಗಂಟು ಗೆರೆ ಬಣ್ಣ ಹೊಡೆದರೂ ಮುಚ್ಚಲಿಲ್ಲ. ಒಲೆ, ಫ್ಯಾನು, ಸಿಲಿಂಡರಿನ ಗೂಡು ಎಲ್ಲ ಬದಲಿಸಲು ಮಾತ್ರ ಧನಲಕ್ಷ್ಮಿಯವರ ಹತ್ತಿರ ದುಡ್ಡು ಸಾಲಲಿಲ್ಲ. ಅವು ಬಲಗಡೆಯೇ ಉಳಿದವು. ಈಗ ಅವರು ಕಾಫಿ ಬೆರೆಸುವಾಗ ಗಿರಾಕಿಗೆ ಬೆನ್ನು, ಕೊಡುವಾಗ ಮುಖ. ಪ್ರತಿ ಲೋಟಕ್ಕೂ ಒಂದು ಸುತ್ತು ತಿರುಗಬೇಕು. ಸಂಜೆಗೆ ಸೊಂಟ ಹಿಡಿಯುತ್ತದೆ.

ಶೆಡ್ಡಿನಲ್ಲಿ ಪೇಂಟರ್ ಏಣಿ ಹಾಕಿಕೊಂಡು ಮುಂಗಾಜಿನ ಮೇಲಿನ ಕೆಂಪು ಅಕ್ಷರ ಉಜ್ಜಲು ಹೊರಟಿದ್ದರು. ಮೋನಿಷಾಳೇ ಹೇಳಿ ಹತ್ತಿಸಿದ್ದಳು. ಧನಲಕ್ಷ್ಮಿ ತಡೆದರು.

"ಯಾಕಮ್ಮ, ಇನ್ನೂ ಬೇಕಾ ನಿಂಗೆ ಆ ಆಶೀರ್ವಾದ?"

"ನಂಗಲ್ಲ ಕಣೇ. ಅದು ನಂಗೆ ಕಾಣೋದೇ ಇಲ್ಲ, ನಾನು ಒಳಗಿರ್ತೀನಿ. ಎದುರಿಂದ ಬರೋರು ಓದ್ಕೊಳ್ಳಲಿ."

ಈಗ ಗಾಡಿ ನಿಲ್ಲುವುದು ಅದೇ ರಸ್ತೆಯಲ್ಲಿ, ಕೆಫೆಯಿಂದ ಸ್ವಲ್ಪ ಆಚೆ, ಎದುರುಬದಿಯ ಹೊಂಗೆ ಮರದ ಕೆಳಗೆ. ಟ್ರಾಫಿಕ್‌ನವರು ಬಂದರೆ ವೇಣುಗೋಪಾಲ್ ಸ್ಟಾರ್ಟ್ ಮಾಡಿ ಕೆರೆಗೆ ಒಂದು ಸುತ್ತು ಹಾಕಿ ವಾಪಸ್ ಬರುತ್ತಾರೆ. ಚಕ್ರ ಇದೆಯಲ್ಲ. ಆ ಬದಿಯಲ್ಲಿ ನೇರವಾಗಿ ನಿಂತರೆ ಗಾಡಿಯ ಮುಖ ಪಡುವಲಕ್ಕೆ. ಮುನಿಯಣ್ಣನವರ ಮನೆ ಇರುವುದೂ ಆ ಕಡೆಗೇ. ಬಾಡಿಗೆಗೆಂದೋ ಲೆಕ್ಕಕ್ಕೆಂದೋ ಅವರು ಕೆಫೆಗೆ ಬರಬೇಕಾದರೆ ಆ ಗಾಡಿಯನ್ನು ಎದುರಿನಿಂದ ನೋಡಿಕೊಂಡೇ ಬರಬೇಕು.

ಮೊನ್ನೆ ಬೆಳಿಗ್ಗೆ ಅವರ ಕಾರು ಬರುವಾಗ ನಾನು ಅಲ್ಲೇ ಲೋಟ ಹಿಡಿದು ನಿಂತಿದ್ದೆ. ಕಾರು ಗಾಡಿಯ ಹತ್ತಿರ ಬಂದು ನಿಧಾನವಾಯಿತು. ಗಾಜು ಇಳಿಯಲಿಲ್ಲ. ಆಮೇಲೆ ಮುಂದೆ ಹೋಯಿತು.

"ಯಾರು, ಅಣ್ಣಾನಾ?" ಎಂದು ಧನಲಕ್ಷ್ಮಿ ಒಲೆಯ ಕಡೆ ತಿರುಗಿಕೊಂಡೇ ಕೇಳಿದರು.

ಹೌದು ಎಂದೆ.

"ಓದಿದ್ನಾ?"

ನನಗೆ ಗೊತ್ತಾಗಲಿಲ್ಲ, ಹಾಗೇ ಹೇಳಿದೆ. ಅವರು ಹಾಲು ಬೆರೆಸಿ, ಲೋಟ ಹಿಡಿದು, ಮುಂದಿನ ಗಿರಾಕಿಯ ಕಡೆ ತಿರುಗಿದರು.